ಗಾಡಿ ಕೀ ಕೊಟ್ಟವರ ಹೊಣೆ

2019ರ ಸೆಪ್ಟೆಂಬರ್ ಮೊದಲ ವಾರ ಅನೇಕರಿಗೆ ಇನ್ನೂ ನೆನಪಿರಬಹುದು. ಎಮಿಷನ್ ಟೆಸ್ಟ್ ಕೇಂದ್ರಗಳ ಮುಂದೆ ಉದ್ದುದ್ದ ಸಾಲು, ಹೆಲ್ಮೆಟ್ ಅಂಗಡಿಗಳಲ್ಲಿ ನೂಕುನುಗ್ಗಲು, ಆರ್‌ಟಿಒ ಕಚೇರಿಗಳ ಹೊರಗೆ ಎಲ್‌ಎಲ್‌ಆರ್ ಮಾಡಿಸಲು ಬಂದವರ ಗುಂಪು. ವರ್ಷಗಟ್ಟಲೆ ಡಿಎಲ್ ಇಲ್ಲದೆ ಸ್ಕೂಟರ್ ಓಡಿಸಿದವರೂ ಆ ವಾರ ಬಸ್ ಹತ್ತಿದರು. ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ದಂಡದ ಕಲಮುಗಳು ಸೆಪ್ಟೆಂಬರ್ 1ರಂದು ಜಾರಿಗೆ ಬಂದಿದ್ದೇ ಇದಕ್ಕೆಲ್ಲ ಕಾರಣ. ಚಾಲನಾ ಪರವಾನಗಿ ಇಲ್ಲದೆ ಗಾಡಿ ಓಡಿಸಿದರೆ ಅಲ್ಲಿಯವರೆಗೆ 500 ರೂಪಾಯಿ ಇದ್ದ ದಂಡ ಒಂದೇ ಏಟಿಗೆ 5,000ಕ್ಕೆ ಏರಿತ್ತು.

ಆ ಭಯ ಎಷ್ಟು ದಿನ ಉಳಿಯಿತು ಎಂಬುದು ನಮಗೆಲ್ಲ ಗೊತ್ತು. ಆರು ವರ್ಷ ಮೀರಿದ ಮೇಲೆ ಹಿಂದಿರುಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ದಂಡ ಎಷ್ಟು ಹೆಚ್ಚಿತು, ಎಷ್ಟು ಇಳಿಯಿತು ಎಂಬ ಚರ್ಚೆಯಲ್ಲೇ ನಾವು ಮುಳುಗಿದೆವು. ಆದರೆ ಪರವಾನಗಿ ಇಲ್ಲದ ಚಾಲನೆಯ ನಿಜವಾದ ಭಾರ ಬೀಳುವುದು ಸಿಗ್ನಲ್ ಬಳಿ ಕೊಡುವ ರಸೀದಿಯ ಮೇಲಲ್ಲ. ಎರಡು ಮೂರು ವರ್ಷಗಳ ನಂತರ ನ್ಯಾಯಾಲಯದಲ್ಲಿ, ಗಾಡಿ ಓಡಿಸಿದವನ ಜೊತೆಗೆ ಕೀ ಕೊಟ್ಟವರ ತಲೆಯ ಮೇಲೂ ಅದು ಬೀಳುತ್ತದೆ. ಕಾನೂನು ಇದನ್ನು ಹೇಳುತ್ತಲೇ ಬಂದಿದೆ. ಮನೆಗಳಿಗೆ ಮಾತ್ರ ಅದು ಕೇಳಿಸಿಲ್ಲ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 3ನೇ ಕಲಮಿನ ಪ್ರಕಾರ, ಆಯಾ ವರ್ಗದ ವಾಹನಕ್ಕೆ ಚಾಲ್ತಿಯಲ್ಲಿರುವ ಪರವಾನಗಿ ಇಲ್ಲದೆ ಯಾರೂ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸುವಂತಿಲ್ಲ. 4ನೇ ಕಲಮು ವಯಸ್ಸನ್ನು ಗೊತ್ತುಮಾಡುತ್ತದೆ: ಸಾಮಾನ್ಯವಾಗಿ 18, ಸಾರಿಗೆ ವಾಹನಕ್ಕೆ 20, 50 ಸಿಸಿ ಮೀರದ ಬೈಕಿಗೆ 16. ಆ ಕೊನೆಯ ರಿಯಾಯಿತಿ ಲೂನಾ ಓಡುತ್ತಿದ್ದ ಕಾಲದ್ದು. ಇಂದು ಮನೆ ಮನೆಯ ಮುಂದೆ ನಿಂತಿರುವ 110, 125 ಸಿಸಿ ಸ್ಕೂಟರುಗಳಿಗೆ ಅದು ಅನ್ವಯಿಸುವುದಿಲ್ಲ. ಇವೆರಡರ ಬೆನ್ನಿಗೇ ಇರುವ 5ನೇ ಕಲಮನ್ನು ಓದಿದವರು ಕಡಿಮೆ. ಪರವಾನಗಿ ಅಥವಾ ವಯಸ್ಸು ಇಲ್ಲದವರಿಗೆ ತನ್ನ ವಾಹನ ಓಡಿಸಲು ಮಾಲೀಕ ಅವಕಾಶ ಕೊಡಕೂಡದು ಎಂದು ಅದು ಹೇಳುತ್ತದೆ. ಓಡಿಸಿದವನಿಗೆ 181ನೇ ಕಲಮಿನಡಿ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ಓಡಿಸಲು ಬಿಟ್ಟ ಮಾಲೀಕನಿಗೆ 180ನೇ ಕಲಮಿನಡಿ ಅಷ್ಟೇ ಶಿಕ್ಷೆ. ಪರವಾನಗಿ ಅಮಾನತಾದ ಅಥವಾ ಅನರ್ಹಗೊಂಡ ಮೇಲೂ ಓಡಿಸಿದರೆ 182ನೇ ಕಲಮಿನಡಿ ದಂಡ 10,000. ಪರವಾನಗಿ ಇಲ್ಲದವನು ಓಡಿಸುತ್ತಿದ್ದ ಗಾಡಿಯನ್ನು ಸ್ಥಳದಲ್ಲೇ ವಶಕ್ಕೆ ಪಡೆಯುವ ಅಧಿಕಾರವನ್ನು 207ನೇ ಕಲಮು ಪೊಲೀಸರಿಗೆ ಕೊಟ್ಟಿದೆ.

ಇಷ್ಟು ಬಿಗಿಯಾಗಿ ಬಂದ ಕಾನೂನನ್ನು ನಾವು ನಡೆಸಿಕೊಂಡದ್ದು ಹೇಗೆ? ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ದಂಡದ ಮೊತ್ತ ಗೊತ್ತುಮಾಡುವ ಅಧಿಕಾರ ರಾಜ್ಯ ಸರ್ಕಾರಗಳಿಗಿದೆ. ಆ ಅಧಿಕಾರ ಬಳಸಿ ಗುಜರಾತ್ ಹತ್ತೇ ದಿನಗಳಲ್ಲಿ ದಂಡ ಇಳಿಸಿತು. ಕರ್ನಾಟಕ ಅದೇ ಸೆಪ್ಟೆಂಬರ್ 21ರಂದು ಇಳಿಸಿತು. ಹೆಲ್ಮೆಟ್ ಇಲ್ಲದ ಸವಾರಿಗೆ 1,000 ಇದ್ದದ್ದು 500 ಆಯಿತು. ಆಮೇಲೆ ಬಾಕಿ ಉಳಿದ ದಂಡಕ್ಕೆ 2023ರ ಫೆಬ್ರುವರಿಯಲ್ಲಿ ಅರ್ಧದಷ್ಟು ರಿಯಾಯಿತಿ ಬಂತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೊಮ್ಮೆ. ರಿಯಾಯಿತಿ ಘೋಷಿಸಿದಾಗಲೆಲ್ಲ ಜನ ಸಾಲುಗಟ್ಟಿ ಹಣ ಕಟ್ಟಿದರು, ಬೊಕ್ಕಸಕ್ಕೆ ಕೋಟಿಗಟ್ಟಲೆ ಬಂತು. ಬಡವನ ಒಂದು ವಾರದ ದುಡಿಮೆಯನ್ನು ಒಂದೇ ರಸೀದಿ ನುಂಗಬಾರದು ಎಂಬ ಕಳಕಳಿ ನಮಗೂ ಇದೆ. ಆದರೆ ಕಾಯ್ದು ಕುಳಿತರೆ ದಂಡ ಅರ್ಧವಾಗುತ್ತದೆ ಎಂಬ ಪಾಠವನ್ನು ಸರ್ಕಾರವೇ ಜನರಿಗೆ ಕಲಿಸಬಾರದಿತ್ತು.

ಇನ್ನೊಂದು ಬದಲಾವಣೆ ಹೆಚ್ಚು ಗಮನಕ್ಕೆ ಬಂದಿಲ್ಲ. ಈ ವರ್ಷಗಳಲ್ಲಿ ತಪಾಸಣೆ ಮನುಷ್ಯನ ಕೈಯಿಂದ ಕ್ಯಾಮೆರಾಕ್ಕೆ ದಾಟಿತು. ಬೆಂಗಳೂರಿನ ಜಂಕ್ಷನ್‌ಗಳಲ್ಲಿ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾಗಳು ಬಂದವು. ಹೆಲ್ಮೆಟ್ ಇಲ್ಲದ ತಲೆ, ಜಿಗಿದ ಸಿಗ್ನಲ್, ಮಿತಿ ಮೀರಿದ ವೇಗ ಅವುಗಳ ಕಣ್ಣಿಗೆ ಬೀಳುತ್ತವೆ. ಗಾಡಿಯ ನಂಬರ್ ಹಿಡಿದು ಮಾಲೀಕನ ಫೋನಿಗೆ ಸಂದೇಶ ಬರುತ್ತದೆ. ಆದರೆ ಓಡಿಸುತ್ತಿರುವವನ ಜೇಬಿನಲ್ಲಿ ಡಿಎಲ್ ಇದೆಯೇ ಇಲ್ಲವೇ ಎಂಬುದು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಅದಕ್ಕೆ ಗಾಡಿ ನಿಲ್ಲಿಸಿ ಕೇಳುವ ಪೊಲೀಸರೇ ಬೇಕು. ಹೆಲ್ಮೆಟ್ ಹಾಕಿಕೊಂಡು ಸಿಗ್ನಲ್ ಪಾಲಿಸುವ ಹದಿನಾರರ ಹುಡುಗ ಕ್ಯಾಮೆರಾದ ಪಾಲಿಗೆ ಕಾನೂನು ಪಾಲಿಸುವ ಪ್ರಜೆ.

ಡಿಎಲ್ ತೋರಿಸುವುದು ಇದೇ ಅವಧಿಯಲ್ಲಿ ಸುಲಭವಾಯಿತು ಎಂಬುದನ್ನೂ ಹೇಳಬೇಕು. ‘ಸಾರ್, ಮನೇಲಿ ಮರೆತು ಬಂದಿದೀನಿ’ ಎಂಬುದು ನಮ್ಮ ರಸ್ತೆಗಳಲ್ಲಿ ಅತಿ ಹೆಚ್ಚು ಕೇಳಿಬರುತ್ತಿದ್ದ ಮಾತು. 2018ರ ನವೆಂಬರ್‌ನಲ್ಲಿ ನಿಯಮ ತಿದ್ದಿದ ಮೇಲೆ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ದಾಖಲೆ ಕಾರ್ಡಿಗೆ ಸಮ. ಡಿಎಲ್ ಇದ್ದೂ ಕೈಯಲ್ಲಿ ಇಲ್ಲದಿರುವುದು ಸಣ್ಣ ತಪ್ಪು. ಡಿಎಲ್ಲೇ ಇಲ್ಲದಿರುವುದು ಬೇರೆಯೇ ಅಪರಾಧ. ಈಗ ಎರಡನ್ನೂ ಅರ್ಧ ನಿಮಿಷದಲ್ಲಿ ಬೇರ್ಪಡಿಸಿ ನೋಡಬಹುದು.

ಮಕ್ಕಳ ವಿಷಯಕ್ಕೆ ಬರೋಣ. ಯಾವುದೇ ತಾಲ್ಲೂಕು ಕೇಂದ್ರದ ಪಿಯು ಕಾಲೇಜಿನ ಬಳಿ ಬೆಳಿಗ್ಗೆ ಅರ್ಧ ಗಂಟೆ ನಿಂತು ನೋಡಿ. ವಿದ್ಯಾರ್ಥಿಗಳು ಗಾಡಿ ತರಬಾರದು ಎಂದು ಗೇಟಿನ ಮೇಲೆ ಬೋರ್ಡ್ ಇರುತ್ತದೆ. ಕಾಂಪೌಂಡಿನ ಒಳಗೆ ಒಂದೂ ಗಾಡಿ ಇರುವುದಿಲ್ಲ. ಪಕ್ಕದ ಓಣಿಗೆ ತಿರುಗಿದರೆ ದಿನಸಿ ಅಂಗಡಿಯ ಗೋಡೆಗೆ ಒರಗಿಸಿದಂತೆ ಹತ್ತು ಹದಿನೈದು ಸ್ಕೂಟರ್. ಕೆಲವದರ ಮುಂಭಾಗದಲ್ಲಿ ಅಪ್ಪನ ಕಚೇರಿಯ ಸ್ಟಿಕ್ಕರ್, ಕೆಲವದರ ಹಿಂದೆ ‘ಅಮ್ಮನ ಆಶೀರ್ವಾದ’. ಮೂವರು ಒಂದೇ ಸ್ಕೂಟರಿನಲ್ಲಿ ಬಂದು ಇಳಿಯುತ್ತಾರೆ, ಕೀಯನ್ನು ಬ್ಯಾಗಿನ ಒಳಜೇಬಿಗೆ ಹಾಕಿಕೊಂಡು ಗೇಟಿನ ಕಡೆ ನಡೆಯುತ್ತಾರೆ. ಕಾಲೇಜಿಗೆ ಗೊತ್ತು, ಅಂಗಡಿಯವನಿಗೆ ಗೊತ್ತು, ಬೀಟ್ ಪೊಲೀಸರಿಗೆ ಗೊತ್ತು. ಎಲ್ಲರಿಗಿಂತ ಮೊದಲು ಮನೆಯವರಿಗೆ ಗೊತ್ತು.

ಈ ಮನೆಯವರಿಗಾಗಿಯೇ 2019ರಲ್ಲಿ 199ಎ ಎಂಬ ಹೊಸ ಕಲಮು ಬಂತು. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರು. ಅವರಿಗೆ ಮೂರು ವರ್ಷದವರೆಗೆ ಸೆರೆವಾಸ, ಜೊತೆಗೆ 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ಗಾಡಿಯನ್ನು ಒಪ್ಪಿಗೆಯಿಂದಲೇ ಕೊಟ್ಟಿದ್ದಾರೆ ಎಂದು ನ್ಯಾಯಾಲಯ ಭಾವಿಸಿಕೊಂಡೇ ವಿಚಾರಣೆ ಶುರುಮಾಡುತ್ತದೆ. ತನಗೆ ಗೊತ್ತಿರಲಿಲ್ಲ, ತಡೆಯಲು ತಕ್ಕ ಎಚ್ಚರ ವಹಿಸಿದ್ದೆ ಎಂದು ಸಾಬೀತುಮಾಡುವ ಹೊಣೆ ಪೋಷಕರದ್ದು. ಶಿವಮೊಗ್ಗ ಸೇರಿದಂತೆ ರಾಜ್ಯದ ಹಲವೆಡೆ ನ್ಯಾಯಾಲಯಗಳು ತಂದೆ ತಾಯಿಗೆ 25,000 ರೂಪಾಯಿ ದಂಡ ವಿಧಿಸಿವೆ. ಅದು ಸರಿಯಾದ ದಾರಿ. ಆದರೆ ಅಂಥ ತೀರ್ಪು ಈಗಲೂ ಪತ್ರಿಕೆಗೆ ಸುದ್ದಿಯಾಗುತ್ತದೆ. ಓಣಿಯಲ್ಲಿ ನಿಂತ ಸ್ಕೂಟರುಗಳ ಲೆಕ್ಕಕ್ಕೆ ಹೋಲಿಸಿದರೆ ಪ್ರಕರಣ ಎಷ್ಟು ವಿರಳ ಎಂಬುದಕ್ಕೆ ಇದೇ ಸಾಕ್ಷಿ.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದ ಪೋಶೆ ಕಾರು ಇಬ್ಬರು ಯುವ ಸಾಫ್ಟ್‌ವೇರ್ ಎಂಜಿನಿಯರ್‌ಗಳನ್ನು ಬಲಿ ತೆಗೆದುಕೊಂಡಿತು. ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕು ಎಂಬ ಷರತ್ತಿನೊಂದಿಗೆ ಬಾಲನ್ಯಾಯ ಮಂಡಳಿ ಅವನಿಗೆ ಜಾಮೀನು ಕೊಟ್ಟಾಗ ದೇಶವೇ ಸಿಟ್ಟಿಗೆದ್ದಿತು. ಸಿಟ್ಟು ಸಹಜ. ಆದರೆ ಆ ಸಿಟ್ಟಿನಲ್ಲಿ ಹೊರೆಯೆಲ್ಲ ಮಂಡಳಿಯ ಮೇಲೂ ಶ್ರೀಮಂತಿಕೆಯ ಮೇಲೂ ಹೋಯಿತು. ಕಾರಿನ ಬೆಲೆ ಬೇರೆ ಇರಬಹುದು, ವಯಸ್ಸು ತುಂಬದ ಮಗನ ಕೈಗೆ ಕೀ ಹೋಗುವುದು ನಮ್ಮ ಓಣಿಯ ಮನೆಗಳಲ್ಲೂ ನಡೆಯುತ್ತದೆ ಎಂಬುದನ್ನು ಹೆಚ್ಚು ಜನ ಒಪ್ಪಿಕೊಳ್ಳಲಿಲ್ಲ.

ಈಗ ದುಡ್ಡಿನ ಲೆಕ್ಕ. ಒಂದು ಉದಾಹರಣೆ ಹಿಡಿಯೋಣ. ಪರವಾನಗಿ ಇಲ್ಲದ ಮಗನಿಗೆ ಅಪ್ಪ ಬೈಕ್ ಕೊಟ್ಟಿದ್ದಾನೆ. ಮಗನ ತಪ್ಪಿನಿಂದ 30 ವರ್ಷದ ಗಾರೆ ಕೆಲಸದವನೊಬ್ಬ ತೀರಿಕೊಳ್ಳುತ್ತಾನೆ. ಅವನ ದುಡಿಮೆ ತಿಂಗಳಿಗೆ 15,000, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಹಾಕಿಕೊಟ್ಟ ಸೂತ್ರದಂತೆ ಪರಿಹಾರದ ಲೆಕ್ಕ ನಡೆಯುತ್ತದೆ. ಮುಂದಿನ ಗಳಿಕೆಗೆಂದು ಶೇ 40 ಸೇರಿಸಿದರೆ 21,000. ಅವನ ಸ್ವಂತ ಖರ್ಚಿಗೆಂದು ಮೂರನೇ ಒಂದು ಭಾಗ ಕಳೆದರೆ 14,000. ವರ್ಷಕ್ಕೆ 1,68,000. ಆ ವಯಸ್ಸಿಗೆ ಗುಣಕ 17. ಒಟ್ಟು 28,56,000 ರೂಪಾಯಿ. ಅಂತ್ಯಕ್ರಿಯೆಯ ಖರ್ಚು, ಕುಟುಂಬದ ಅಗಲಿಕೆಯ ನಷ್ಟ ಮತ್ತು ಬಡ್ಡಿ ಇದರ ಮೇಲೆ. 5,000 ರೂಪಾಯಿ ದಂಡ ಹೆಚ್ಚಾಯಿತು ಎಂದು ವಾದಿಸಿದ ನಾವು ಈ ಮೊತ್ತವನ್ನು ಎಂದಾದರೂ ಮನೆಯಲ್ಲಿ ಕೂತು ಲೆಕ್ಕ ಹಾಕಿದ್ದೇವೆಯೇ?

‘ಇನ್ಶೂರೆನ್ಸ್ ಇದೆಯಲ್ಲ’ ಎಂಬುದು ಎಲ್ಲರ ಉತ್ತರ. ಇಲ್ಲಿಯೇ ಕಾನೂನಿನ ನಿಜವಾದ ಏಟು ಇರುವುದು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ಒಂದು ದಾರಿ ಹಾಕಿಕೊಟ್ಟಿತು. ಚಾಲಕನಿಗೆ ಪರವಾನಗಿ ಇಲ್ಲ ಎಂಬ ಕಾರಣಕ್ಕೆ ಸತ್ತವರ ಕುಟುಂಬ ಬರಿಗೈಯಲ್ಲಿ ಹೋಗಬಾರದು. ವಿಮಾ ಕಂಪನಿ ಮೊದಲು ಅವರಿಗೆ ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ. ನಮ್ಮ ಹೈಕೋರ್ಟ್‌ನ ಪೂರ್ಣಪೀಠವೂ 2020ರಲ್ಲಿ ಈ ತತ್ವವನ್ನೇ ಎತ್ತಿಹಿಡಿಯಿತು. ನೊಂದವರ ಪಾಲಿಗೆ ಇದು ದೊಡ್ಡ ಆಸರೆ, ಈ ಎರಡು ದಶಕಗಳಲ್ಲಿ ನಮ್ಮ ನ್ಯಾಯಾಂಗ ಮಾಡಿದ ಮಾನವೀಯ ಕೆಲಸಗಳಲ್ಲಿ ಒಂದು. ಆದರೆ ಕೀ ಕೊಟ್ಟ ಅಪ್ಪನಿಗೆ ಇದರಲ್ಲಿ ಬಿಡುಗಡೆ ಇಲ್ಲ. ಕಂಪನಿ ಕಟ್ಟಿದ ಅಷ್ಟೂ ಹಣಕ್ಕೆ ಅವನ ಮೇಲೆ ವಸೂಲಿ ಅರ್ಜಿ ಬರುತ್ತದೆ. ಸಂಬಳ, ಬ್ಯಾಂಕ್ ಖಾತೆ, ಸೈಟು, ಹೊಲ ಯಾವುದಾದರೂ ಜಪ್ತಿಗೆ ಒಳಗಾಗಬಹುದು. ಮಗನ ಹುಟ್ಟುಹಬ್ಬಕ್ಕೆ ಕೊಟ್ಟ ಬೈಕಿನ ಬೆಲೆಯನ್ನು ಆ ಮನೆ ಹೊಲ ಮಾರಿ ತೀರಿಸಬೇಕಾದೀತು.

ನ್ಯಾಯಾಲಯಗಳು ಎಚ್ಚರ ವಹಿಸಿದ ಮಾಲೀಕನನ್ನು ಕೈಬಿಟ್ಟಿಲ್ಲ ಎಂಬುದನ್ನೂ ಗಮನಿಸಬೇಕು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಚಾಲಕ ತೋರಿಸಿದ ಡಿಎಲ್ ನೋಡಿ, ಗಾಡಿ ಓಡಿಸುವುದನ್ನು ಪರೀಕ್ಷಿಸಿ ಕೆಲಸ ಕೊಟ್ಟಿದ್ದರೆ, ಆಮೇಲೆ ಆ ಡಿಎಲ್ ನಕಲಿ ಎಂದು ಗೊತ್ತಾದರೂ ಅಷ್ಟಕ್ಕೇ ಮಾಲೀಕನನ್ನು ಹೊಣೆ ಮಾಡಲಾಗದು ಎಂದು 2003ರ ಲೆಹ್ರು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಎಲ್ ಇಲ್ಲದ ಸವಾರನಿಗೆ ಬೇರೆಯವರ ತಪ್ಪಿನಿಂದ ಪೆಟ್ಟಾದರೆ, ಡಿಎಲ್ ಇಲ್ಲ ಎಂಬ ಒಂದೇ ಕಾರಣಕ್ಕೆ ಅಪಘಾತದಲ್ಲಿ ಅವನ ಪಾಲೂ ಇದೆ ಎನ್ನಲಾಗದು ಎಂದು 2008ರಲ್ಲಿ ಸ್ಪಷ್ಟಪಡಿಸಿದೆ. ಅಂದರೆ ಕಾನೂನು ಕುರುಡಾಗಿ ಬಡಿಯುತ್ತಿಲ್ಲ. ನೋಡಿ ಕೊಟ್ಟವನನ್ನೂ ನೋಡದೆ ಕೊಟ್ಟವನನ್ನೂ ಬೇರೆ ಬೇರೆಯಾಗಿ ತೂಗುತ್ತದೆ. ಆದರೆ ಸವಾರನಿಗೆ ಇರುವ ಇನ್ನೊಂದು ನಷ್ಟ ಉಳಿದೇ ಇದೆ. ಪಾಲಿಸಿಯಲ್ಲಿ ಮಾಲೀಕ–ಚಾಲಕನಿಗೆ ಇರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಸಿಗಬೇಕಾದರೆ ಅವನ ಬಳಿ ಚಾಲ್ತಿಯಲ್ಲಿರುವ ಡಿಎಲ್ ಇರಲೇಬೇಕು. ಪ್ರೀಮಿಯಂ ಕಟ್ಟಿಯೂ ಅವನ ಮನೆಯವರು ಬರಿಗೈಯಲ್ಲಿ ಉಳಿಯುತ್ತಾರೆ.

ಈ ಅವಧಿಯ ದೊಡ್ಡ ಲಾಭ ಕಂಡವರು ಗೂಡ್ಸ್ ಆಟೊ, ಟ್ಯಾಕ್ಸಿ ಚಾಲಕರು. ಕಾರಿನ ಡಿಎಲ್ ಇದ್ದವನು ಹಳದಿ ಬೋರ್ಡಿನ ಸಣ್ಣ ಗಾಡಿ ಓಡಿಸಬಹುದೇ ಎಂಬ ಪ್ರಶ್ನೆ ಬಹಳ ವರ್ಷ ಕಾಡಿತ್ತು. ‘ಬ್ಯಾಡ್ಜ್ ಇಲ್ಲ’ ಎಂಬ ನೆಪದಲ್ಲಿ ವಿಮಾ ಕಂಪನಿಗಳು ಹಣ ನಿರಾಕರಿಸುತ್ತಿದ್ದವು. 7,500 ಕಿಲೊ ಮೀರದ ವಾಹನಕ್ಕೆ ಲಘು ವಾಹನದ ಪರವಾನಗಿಯೇ ಸಾಕು ಎಂದು 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ತೀರ್ಪು ಬಂತು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಖಾಯಂ ಮಾಡಿತು. ಸಾರಿಗೆ ವಾಹನದ ಡಿಎಲ್ ಪಡೆಯಲು ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮವೂ 2019ರಲ್ಲೇ ಹೋಯಿತು. ಗಾಡಿ ಓಡಿಸಲು ಬರುತ್ತಿದ್ದೂ ಓದಿನ ಕಾರಣಕ್ಕೆ ಕಾನೂನಿನ ಹೊರಗೆ ಉಳಿದಿದ್ದವರಿಗೆ ಬಾಗಿಲು ತೆರೆಯಿತು. ಎರಡೂ ಒಳ್ಳೆಯ ಬದಲಾವಣೆಗಳು.

ಅದೇ ತಿದ್ದುಪಡಿಯ ಇನ್ನೊಂದು ಅಂಶ ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ. ಮೊದಲು ಡಿಎಲ್ ಅವಧಿ ಮುಗಿದ ಮೇಲೂ 30 ದಿನ ಅದು ಚಾಲ್ತಿಯಲ್ಲಿರುತ್ತಿತ್ತು. ಆ ರಿಯಾಯಿತಿ 2019ರಲ್ಲಿ ಹೋಯಿತು. ಅವಧಿ ಮುಗಿದ ಮರುದಿನ ಅಪಘಾತವಾದರೆ ಆ ದಿನ ನಿಮ್ಮ ಬಳಿ ಪರವಾನಗಿ ಇರಲಿಲ್ಲ ಎಂದೇ ಲೆಕ್ಕ. ನವೀಕರಣಕ್ಕೆ ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕಾಗುತ್ತದೆ. ಕೋವಿಡ್ ಕಾಲದಲ್ಲಿ 2020ರ ಫೆಬ್ರುವರಿಯಿಂದ ಮುಗಿದ ದಾಖಲೆಗಳಿಗೆ 2021ರ ಅಕ್ಟೋಬರ್ 31ರವರೆಗೆ ವಿನಾಯಿತಿ ಸಿಕ್ಕಿತ್ತು. ಆಗ ಹತ್ತಿದ ‘ನೋಡೋಣ ಬಿಡಿ’ ಎಂಬ ಉದಾಸೀನ ಈಗಲೂ ಹಲವರನ್ನು ಬಿಟ್ಟಿಲ್ಲ.

ಎಲ್ಲಕ್ಕಿಂತ ದೊಡ್ಡ ಸೋಲು ಡಿಎಲ್ ಕೊಡುವ ಜಾಗದಲ್ಲೇ ಇದೆ. ದೇಶದ ಡಿಎಲ್‌ಗಳಲ್ಲಿ ಶೇ 30ರಷ್ಟು ನಕಲಿ ಎಂದು ಸಾರಿಗೆ ಸಚಿವ ನಿತಿನ್ ಗಡ್ಕರಿ 2019ರಲ್ಲಿ ತಿದ್ದುಪಡಿ ಮಸೂದೆಯ ಹೊತ್ತಿನಲ್ಲೇ ಹೇಳಿದ್ದರು. ಅಸಲಿ ಡಿಎಲ್‌ಗಳ ಕತೆಯೂ ನೆಮ್ಮದಿ ಕೊಡುವುದಿಲ್ಲ. ಬೈಕಿನಲ್ಲಿ ಕಾಲು ನೆಲಕ್ಕೂರದೆ ಒಂದು ‘8’ ಹೊಡೆದು ತೋರಿಸಿದರೆ, ಕಾರನ್ನು ಸ್ವಲ್ಪ ದೂರ ಮುಂದೆ ಹಿಂದೆ ಓಡಿಸಿದರೆ ಅನೇಕ ಕಡೆ ಟೆಸ್ಟ್ ಮುಗಿಯಿತು. ರಾತ್ರಿ ಎದುರು ಬರುವ ಲಾರಿಯ ಹೈಬೀಮ್ ಹೇಗೆ ಎದುರಿಸಬೇಕು, ಮಳೆಯಲ್ಲಿ ಬ್ರೇಕ್ ಹೇಗೆ ಹಿಡಿಯಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ. ಅಭ್ಯರ್ಥಿಗೆ ಬ್ರೇಕ್ ಇನ್‌ಸ್ಪೆಕ್ಟರ್‌ಗಿಂತ ಏಜೆಂಟೇ ಹೆಚ್ಚು ಪರಿಚಯ. ಬೆಂಗಳೂರಿನ ಜ್ಞಾನಭಾರತಿಯಲ್ಲಿ ಇರುವಂಥ, ಸೆನ್ಸರ್‌ಗಳೇ ಅಂಕ ಹಾಕುವ ಟ್ರ್ಯಾಕ್ ಪ್ರತಿ ಜಿಲ್ಲೆಗೂ ಬರಬೇಕಿತ್ತು. ಯೋಗ್ಯತೆ ನೋಡದೆ ಹಂಚಿದ ಕಾರ್ಡನ್ನು ರಸ್ತೆಯಲ್ಲಿ ಬಿಗಿಯಾಗಿ ಕೇಳಿದರೆ ಜನ ಅದನ್ನು ಬರೀ ವಸೂಲಿ ಎಂದೇ ತಿಳಿಯುತ್ತಾರೆ.

ದೇಶದ ರಸ್ತೆಗಳಲ್ಲಿ 2022ರಲ್ಲಿ 1,68,491 ಜನ ಸತ್ತರು. 2023ರಲ್ಲಿ ಆ ಸಂಖ್ಯೆ 1.72 ಲಕ್ಷ ದಾಟಿತು. ಇವರೆಲ್ಲ ಡಿಎಲ್ ಇಲ್ಲದವರಿಂದ ಸತ್ತರು ಎನ್ನುತ್ತಿಲ್ಲ. ಕೆಟ್ಟ ರಸ್ತೆ, ಕುಡಿತ, ವೇಗ ಎಲ್ಲಕ್ಕೂ ಪಾಲಿದೆ. ಆದರೆ ದಂಡ ಹೆಚ್ಚಿಸಿದ ಒಂದೇ ಕಾರಣಕ್ಕೆ ಸಾವು ಕಡಿಮೆಯಾಗುತ್ತದೆ ಎಂಬ ನಂಬಿಕೆಯನ್ನು ಈ ಅಂಕಿಗಳು ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು, ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಎರಡು ವರ್ಷ ಇದ್ದ ಗರಿಷ್ಠ ಸೆರೆವಾಸ ಐದು ವರ್ಷವಾಗಿದೆ. ಶಿಕ್ಷೆಯ ಪಟ್ಟಿ ಬೆಳೆಯುತ್ತಲೇ ಇದೆ. ಶಿಕ್ಷೆಗೆ ಮೊದಲೇ ತಡೆಯುವ ಕೆಲಸ ಹಿಂದೆ ಬಿದ್ದಿದೆ.

ಹಾಗಾದರೆ ಆಗಬೇಕಾದ್ದೇನು? ಸರ್ಕಾರ ದಂಡಕ್ಕೆ ರಿಯಾಯಿತಿ ಕೊಡುವುದಾದರೆ ಕೊಡಲಿ. ಆದರೆ ಪರವಾನಗಿ ಇಲ್ಲದ ಚಾಲನೆ ಮತ್ತು ಅಪ್ರಾಪ್ತರಿಗೆ ವಾಹನ ಕೊಟ್ಟ ಪ್ರಕರಣಗಳನ್ನು ಆ ಪಟ್ಟಿಯಿಂದ ಸದಾ ಹೊರಗಿಡಲಿ. ಪೊಲೀಸರು ತಿಂಗಳಿಗೊಮ್ಮೆಯಾದರೂ ಕಾಲೇಜಿನ ಪಕ್ಕದ ಆ ಓಣಿಗೆ ಹೋಗಲಿ, ಮಕ್ಕಳನ್ನು ಹೆದರಿಸುವ ಬದಲು ಪೋಷಕರನ್ನು ಠಾಣೆಗೆ ಕರೆಸಲಿ. ಕಾಲೇಜುಗಳು ಗೇಟಿನ ಬೋರ್ಡಿಗೆ ನಿಲ್ಲದೆ, ಮೊದಲ ಪೋಷಕರ ಸಭೆಯಲ್ಲೇ 199ಎ ಕಲಮನ್ನು ಕನ್ನಡದಲ್ಲಿ ಓದಿ ಹೇಳಲಿ. ಹಳ್ಳಿಯ ಹುಡುಗ ಬೈಕಿಗೆ ಕೈ ಹಾಕುವುದು ಬಹಳ ಸಲ ಬಸ್ ಇಲ್ಲದ ಕಾರಣಕ್ಕೆ. ಕಾಲೇಜಿನ ಹೊತ್ತಿಗೆ ಬಸ್ ಬಿಡುವುದೂ ರಸ್ತೆ ಸುರಕ್ಷತೆಯ ಕೆಲಸವೇ ಎಂದು ಸಾರಿಗೆ ನಿಗಮಗಳು ತಿಳಿಯಲಿ.

ಉಳಿದದ್ದು ಮನೆಯದು. ಈ ಆರು ವರ್ಷಗಳ ಲೆಕ್ಕದಲ್ಲಿ ಕಾನೂನು ತನ್ನ ಪಾಲಿನ ಮಾತು ಹೇಳಿ ಮುಗಿಸಿದೆ, ನ್ಯಾಯಾಲಯಗಳು ದಾರಿ ತೋರಿಸಿವೆ, ಆಡಳಿತ ಅರ್ಧದಲ್ಲೇ ನಿಂತಿದೆ. ಇನ್ನು ಉಳಿದಿರುವುದು ನಮ್ಮ ನಿಮ್ಮ ಮನೆಯ ಗೋಡೆಯ ಮೊಳೆಗೆ ನೇತುಹಾಕಿದ ಕೀ. ಮಗನೋ ತಂಗಿಯ ಮಗನೋ ಅಂಗಡಿಯ ಹುಡುಗನೋ ಅದಕ್ಕೆ ಕೈ ಚಾಚಿದಾಗ ಒಂದೇ ಪ್ರಶ್ನೆ ಕೇಳಿ: ‘ಡಿಎಲ್ ತೋರಿಸು.’ ಇಲ್ಲ ಎಂದರೆ ಕೀ ಕೊಡಬೇಡಿ. ಇಂದೇ ನಿಮ್ಮ ಡಿಎಲ್ ತೆಗೆದು ಅದರ ಕೊನೆಯ ದಿನಾಂಕವನ್ನೂ ಒಮ್ಮೆ ನೋಡಿ.